‘ಅಗ್ನಿಶಾಮಕ ಬಾಗಿಲು’, ‘ತೆರವು’: ಆಸ್ಪತ್ರೆಯ ಸೂಚನೆಗೆ ತಕ್ಕ ಪದಗಳು ಯಾವುವು?

ಮಾನ್ಯರೇ,

ಆಸ್ಪತ್ರೆಯೊಂದರ ದಾದಿಯರು ಮತ್ತು ಆಯಾಗಳು ಬೆಂಕಿ ಬಿದ್ದಾಗ ಮಾಡಬೇಕಾದ ಕೆಲಸಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗದ ತಲೆಬರಹವನ್ನೇ ಅನುಸರಿಸಿ ಅದಕ್ಕೆ ‘ಅಗ್ನಿ ಮತ್ತು ಜೀವ ಸುರಕ್ಷತೆ’ ಎಂದು ಹೆಸರಿಟ್ಟಿದ್ದಾಯಿತು. ಒಳಗಿನ ಎರಡು ಪದಗಳು ಮಾತ್ರ ಬಗೆಹರಿದಿಲ್ಲ.

ಮೊದಲನೆಯದು ಫೈರ್ ಡೋರ್. ಆ ಆಸ್ಪತ್ರೆಯ ಫಲಕದಲ್ಲಿ ‘ಅಗ್ನಿಶಾಮಕ ಬಾಗಿಲು’ ಎಂದು ಬರೆಸಿದ್ದಾರೆ. ಶಮನ ಮಾಡುವುದು ಶಾಮಕ; ನೀರು, ನೊರೆ, ಪುಡಿಗಳು ಬೆಂಕಿಯನ್ನು ಆರಿಸುತ್ತವೆ. ಬಾಗಿಲು ಆರಿಸುವುದಿಲ್ಲ, ಬೆಂಕಿಯನ್ನೂ ಹೊಗೆಯನ್ನೂ ಒಂದಷ್ಟು ಹೊತ್ತು ಆಚೆಗೇ ತಡೆದು ನಿಲ್ಲಿಸುತ್ತದೆ, ಅದೂ ಮುಚ್ಚಿದ್ದರೆ ಮಾತ್ರ. ಎರಡನೆಯ ಮಹಡಿಯಲ್ಲಿ ಆ ಬಾಗಿಲಿನ ಅಡಿಗೆ ಮರದ ಬೆಣೆ ಸಿಕ್ಕಿಸಿ ಹಾರುಹೊಡೆದಿದ್ದರು. ಏಕೆಂದು ಕೇಳಿದ್ದಕ್ಕೆ ಆಯಾ ಒಬ್ಬರು, ‘ಅಗ್ನಿಶಾಮಕದವರು ಬರುವ ಬಾಗಿಲಲ್ಲವೇ ಸರ್, ಮುಚ್ಚಿಟ್ಟರೆ ಹೇಗೆ?’ ಎಂದರು. ತಪ್ಪು ಅವರದಲ್ಲ, ನಮ್ಮ ಇಲಾಖೆಯ ಹೆಸರೇ ‘ಅಗ್ನಿಶಾಮಕ ಮತ್ತು ತುರ್ತು ಸೇವೆಗಳು’ ಆಗಿರುವಾಗ ಆ ಪದ ಕಿವಿಗೆ ಬಿದ್ದೊಡನೆ ಕೆಂಪು ಗಾಡಿಯೇ ಕಣ್ಣಮುಂದೆ ಬರುತ್ತದೆ. ‘ಅಗ್ನಿನಿರೋಧಕ’ ಅರ್ಥಕ್ಕೆ ಸರಿ, ಬಾಯಿಗೆ ತೊಡಕು. ಸದ್ಯಕ್ಕೆ ‘ಬೆಂಕಿತಡೆ ಬಾಗಿಲು’ ಎಂದಿಟ್ಟುಕೊಂಡಿದ್ದೇನೆ. ಆದರೆ 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಢಾಕುರಿಯಾದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹೊತ್ತಿಕೊಂಡಾಗ, ಪ್ರಾಣ ಕಳೆದುಕೊಂಡ ಸುಮಾರು 90 ಜನರಲ್ಲಿ ಬಹುಪಾಲು ಮಂದಿ ಮೇಲಿನ ಮಹಡಿಗಳಿಗೆ ಏರಿದ ಹೊಗೆಯಿಂದ ಉಸಿರುಗಟ್ಟಿ ಸತ್ತವರು ಎಂಬುದನ್ನು ನೆನೆದರೆ, ಪದದೊಳಗೆ ಹೊಗೆಗೂ ಜಾಗ ಬೇಕೇನೋ ಅನ್ನಿಸುತ್ತದೆ.

ಎರಡನೆಯದು ಇವ್ಯಾಕ್ಯುಯೇಷನ್, ಅಂದರೆ ಅಪಾಯದ ಜಾಗದಿಂದ ಜನರನ್ನು ಸುರಕ್ಷಿತ ಜಾಗಕ್ಕೆ ಒಯ್ಯುವುದು; ಇದು ಇನ್ನೂ ಕಠಿಣ. ‘ತೆರವು’ ಎಂದರೆ ಒತ್ತುವರಿಯೂ ಜೆಸಿಬಿಯೂ ನೆನಪಾಗುತ್ತವೆ. ‘ಖಾಲಿ ಮಾಡಿಸು’ ಬಾಡಿಗೆದಾರರಿಗೆ ಹೇಳುವ ಮಾತು. ‘ಸ್ಥಳಾಂತರ’ ಕಚೇರಿಗೂ ನೆರೆಸಂತ್ರಸ್ತರಿಗೂ ಸಲ್ಲುತ್ತದೆ. ವೆಂಟಿಲೇಟರಿನಲ್ಲಿರುವವರನ್ನು ದಿಢೀರನೆ ಮೆಟ್ಟಿಲಿಳಿಸಿ ಬೀದಿಗೆ ತರಲಾಗದ ಕಾರಣ, ಮೊದಲು ಅದೇ ಮಹಡಿಯಲ್ಲಿ ಬೆಂಕಿತಡೆ ಬಾಗಿಲಿನಾಚೆಯ ಮಗ್ಗುಲ ವಿಭಾಗಕ್ಕೆ ಮಂಚಸಮೇತ ಒಯ್ಯುವುದು, ಅಲ್ಲಿಗೂ ಅಪಾಯ ಬಂದರಷ್ಟೇ ಕೆಳಗಿಳಿಸುವುದು ಆಸ್ಪತ್ರೆಗಳ ಕ್ರಮ. ದಾದಿಯರು ಇದಕ್ಕೆ ‘ಶಿಫ್ಟ್ ಮಾಡುವುದು’ ಎನ್ನುತ್ತಾರಾದರೂ ಅವರ ಪಾಳಿಯೂ ಶಿಫ್ಟೇ. ‘ಸಾಗಿಸು’ ಸರಕಿಗೆ ಒಗ್ಗುವ ಪದ.

ನನಗೆ ಹೊಳೆದದ್ದು ‘ದಾಟಿಸು’. ‘ರೋಗಿಗಳನ್ನು ಬಾಗಿಲು ದಾಟಿಸಿ, ಬಾಗಿಲು ಮುಚ್ಚಿ’ ಎಂದು ಬರೆದರೆ ಬೆಣೆ ತೆಗೆಯಬೇಕೆಂಬುದೂ ತಾನಾಗಿ ತಿಳಿಯುತ್ತದೆ. ಹೊಳೆ ದಾಟಿಸುವಾಗಿನ ಕೈಹಿಡಿದು ಕರೆದೊಯ್ಯುವ ಛಾಯೆಯೂ ಇದಕ್ಕಿದೆ. ಆದರೆ ಕರಡು ಓದಿದ ಹಿರಿಯರೊಬ್ಬರು, ಆಸ್ಪತ್ರೆಯಲ್ಲಿ ‘ದಾಟಿಸು’ ಎಂದರೆ ಭವಸಾಗರ ನೆನಪಾಗುವುದಿಲ್ಲವೇ ಎಂದು ಕೇಳಿದರು; ನಕ್ಕೆನಾದರೂ ಆಕ್ಷೇಪ ಮನಸ್ಸಿನಲ್ಲಿ ಉಳಿದಿದೆ.

ಈ ಅರ್ಥಛಾಯೆ ನಿಮಗೂ ತಟ್ಟುತ್ತದೆಯೇ? ತಟ್ಟದಿದ್ದರೆ, ತಲೆಬರಹಕ್ಕೆ ಬೇಕಾದ ನಾಮಪದವನ್ನು ‘ದಾಟಿಸುವಿಕೆ’ ಎನ್ನುವುದಕ್ಕಿಂತ ಹಗುರವಾಗಿ ಹೇಗೆ ಕಟ್ಟಬಹುದು? ವಾರ್ಡುಗಳಲ್ಲಿ ದುಡಿಯುವವರ ಬಾಯಲ್ಲಿ ಬೇರೆ ಮಾತಿದ್ದರೆ ಅದನ್ನೇ ಬಳಸಲು ಸಿದ್ಧನಿದ್ದೇನೆ, ದಯವಿಟ್ಟು ತಿಳಿಸಿ.