‘ಕಾಮನ್ ಯೂಸ್ ಗೇಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ದೊಡ್ಡ ವಿಮಾನ ನಿಲ್ದಾಣಗಳು ಗೇಟುಗಳನ್ನು ಹೇಗೆ ನಿಭಾಯಿಸುತ್ತವೆ ಅನ್ನುವುದರ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ರನ್‌ವೇ, ಟರ್ಮಿನಲ್, ಏರೋಬ್ರಿಜ್ ಇವನ್ನೆಲ್ಲ ಮುಟ್ಟಿಲ್ಲ, ಎಲ್ಲರೂ ಆಡುವ ಮಾತುಗಳೇ ಅಲ್ವಾ. ತೊಡಕಾಗಿರುವುದು ಮೂರು ಕಡೆ: ಎಕ್ಸ್‌ಕ್ಲೂಸಿವ್ ಯೂಸ್, ಪ್ರಿಫರೆನ್ಷಿಯಲ್ ಯೂಸ್, ಕಾಮನ್ ಯೂಸ್. ಒಂದು ಗೇಟಿನ ಮೇಲೆ ಯಾವ ಏರ್‌ಲೈನಿಗೆ ಎಷ್ಟು ಹಕ್ಕು ಅನ್ನುವುದನ್ನು ಹೇಳುವ ಮಾತುಗಳು ಇವು.

ಮೊದಲನೆಯದು ಸುಲಭ. ಗೇಟು ಒಂದೇ ಏರ್‌ಲೈನಿಗೆ ಗುತ್ತಿಗೆ. ಅವರ ವಿಮಾನ ಇಲ್ಲದೆ ದಿನವಿಡೀ ಖಾಲಿ ಬಿದ್ದಿದ್ದರೂ ಬೇರೆಯವರು ಬರುವ ಹಾಗಿಲ್ಲ. ಎರಡನೆಯದರಲ್ಲಿ ಗೇಟು ಒಬ್ಬರ ಹೆಸರಲ್ಲೇ ಇರುತ್ತದೆ, ಆದರೆ ಅವರಿಗೆ ಬೇಡವಾದ ಹೊತ್ತಿನಲ್ಲಿ ನಿಲ್ದಾಣದವರು ಇನ್ನೊಬ್ಬರ ವಿಮಾನವನ್ನು ಅಲ್ಲಿ ನಿಲ್ಲಿಸಬಹುದು. ಮೂರನೆಯದು ಯಾರ ಹೆಸರಲ್ಲೂ ಇಲ್ಲ. ವೇಳಾಪಟ್ಟಿ ನೋಡಿ, ವಿಮಾನದ ಗಾತ್ರ ನೋಡಿ, ಯಾವುದು ತಡ ಯಾವುದು ಬೇಗ ಅಂತ ನೋಡಿ ನಿಲ್ದಾಣದವರೇ ಕೊಡುತ್ತಾರೆ.

ಎಕ್ಸ್‌ಕ್ಲೂಸಿವ್‌ಗೆ ‘ಮೀಸಲು ಗೇಟ್’ ಅಂದುಕೊಂಡಿದ್ದೆ. ಆದರೆ ‘ಮೀಸಲು ಪಡೆ’ ಅಂದಾಗ ಅದು ಬೇಕಾದಾಗ ಕರೆಸಿಕೊಳ್ಳಲು ಇಟ್ಟಿರುವ ಪಡೆ. ಹಾಗೆ ಓದಿಕೊಂಡರೆ ‘ಮೀಸಲು ಗೇಟ್’ ಅಂದರೆ ಅವಸರಕ್ಕೆ ಇಟ್ಟ ಗೇಟ್ ಆಗಿಬಿಡುತ್ತದೆ. ‘ಸ್ವಂತ ಗೇಟ್’ ಅನ್ನೋಣ ಅಂದರೆ ಅದು ಗುತ್ತಿಗೆ, ಆಸ್ತಿ ಅಲ್ಲ. ಸದ್ಯಕ್ಕೆ ‘ಒಬ್ಬರದೇ ಗೇಟ್’ ಅಂತ ಬರೆದಿಟ್ಟಿದ್ದೇನೆ.

ನಿಜವಾದ ಕಷ್ಟ ಕಾಮನ್ ಯೂಸ್‌ದು. ‘ಸಾಮಾನ್ಯ ಬಳಕೆಯ ಗೇಟ್’ ಅಂದರೆ ವಿಶೇಷ ಇಲ್ಲದ, ಮಾಮೂಲಿ ಗೇಟ್ ಅನಿಸುತ್ತದೆ. ‘ಸಾರ್ವಜನಿಕ’ ಅಂದರೆ ಜನ ಸುಮ್ನೆ ಬಂದು ಹೋಗಬಹುದು ಅನ್ನೋ ಅರ್ಥ. ‘ಜಂಟಿ’ ಅಂದ ತಕ್ಷಣ ಜಂಟಿ ಖಾತೆ ನೆನಪಾಗುತ್ತದೆ, ಗೊತ್ತಿರುವ ಇಬ್ಬರು ಮೂವರು ಸೇರಿ ಒಪ್ಪಂದ ಮಾಡಿಕೊಂಡ ಹಾಗೆ. ಇಲ್ಲಿ ಹಾಗಲ್ಲ. ಇಂದು ಬೆಳಿಗ್ಗೆ ಈ ಗೇಟಿನಲ್ಲಿದ್ದ ಏರ್‌ಲೈನಿಗೆ ಸಂಜೆ ಯಾರು ಬಂದರು ಅನ್ನುವುದೂ ಗೊತ್ತಿರಬೇಕಾಗಿಲ್ಲ.

‘ಹಂಚಿಕೆ’ ಇನ್ನೂ ಮೋಸದ ಪದ. ‘ಹಂಚು’, ‘ಹಂಚಿಕೊಳ್ಳು’ ಎರಡೂ ಹೆಸರುಪದ ಆಗುವಾಗ ‘ಹಂಚಿಕೆ’ಯಲ್ಲೇ ಬಂದು ಸೇರುತ್ತವೆ. ನಿವೇಶನ ಹಂಚಿಕೆ ಅಂದರೆ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಕೈತೊಳೆದುಕೊಳ್ಳುವುದು. ಗೇಟ್ ಹಂಚಿಕೆ ಅಂತ ಬರೆದರೆ ಓದುವವರು ಹಾಗೇ ಓದುತ್ತಾರೆ. ನನಗೆ ಬೇಕಿರುವುದು ಸರಿಯಾಗಿ ಅದರ ಉಲ್ಟಾ! ಹಾಗಾಗಿ ಈ ವಿಮಾನಕ್ಕೆ ಈ ಗೇಟ್ ಅಂತ ಗೊತ್ತುಮಾಡುವ ಕೆಲಸಕ್ಕೆ ಮಾತ್ರ ‘ಗೇಟ್ ಹಂಚಿಕೆ’ ಇಟ್ಟುಕೊಂಡು, ಹಕ್ಕಿನ ಮಾತು ಬಂದಾಗ ಆ ಪದದ ಹತ್ತಿರವೇ ಹೋಗಬಾರದು ಅಂತ ನನ್ನ ಅಭಿಪ್ರಾಯ.

ಕಾಮನ್ ಯೂಸ್ ಹೇಗಿರುತ್ತದೆ ಅನ್ನುವುದು ಚೆಕ್-ಇನ್ ಕೌಂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಮೊದಲೆಲ್ಲ ಪ್ರತಿ ಏರ್‌ಲೈನೂ ತನ್ನದೇ ಕಂಪ್ಯೂಟರ್, ತನ್ನದೇ ಪ್ರಿಂಟರ್ ಇಟ್ಟುಕೊಳ್ಳುತ್ತಿತ್ತು. ಅವರ ಸಿಬ್ಬಂದಿ ಎದ್ದು ಹೋದರೆ ಆ ಕೌಂಟರ್ ಬೇರೆ ಯಾರಿಗೂ ಉಪಯೋಗವಿಲ್ಲ. 1984ರ ಒಲಿಂಪಿಕ್ಸ್ ಹೊತ್ತಿಗೆ ಲಾಸ್ ಏಂಜಲೀಸ್‌ನಲ್ಲಿ ಏರ್‌ಲೈನುಗಳಿಗೆ ಕಂಪ್ಯೂಟರ್ ವ್ಯವಸ್ಥೆ ಒದಗಿಸುವ ಸೀಟಾ ಸಂಸ್ಥೆ ‘ಕ್ಯೂಟ್’ ಅನ್ನುವ ವ್ಯವಸ್ಥೆ ತಂದಿತು. ಕಂಪ್ಯೂಟರ್ ಒಂದೇ, ಲಾಗಿನ್ ಆದವರ ಏರ್‌ಲೈನಿನ ತಂತ್ರಾಂಶ ತೆರೆದುಕೊಳ್ಳುತ್ತದೆ. ಈಗಂತೂ ಒಬ್ಬರು ಲಾಗೌಟ್ ಆಗಿ ಇನ್ನೊಬ್ಬರು ಕೂತರೆ ತಲೆಯ ಮೇಲಿನ ಪರದೆಯಲ್ಲಿ ಲೋಗೋ ಬದಲಾಗುತ್ತದೆ, ಬೋರ್ಡಿಂಗ್ ಪಾಸ್ ಮಾತ್ರ ಅದೇ ಪ್ರಿಂಟರಿನಿಂದ ಬರುತ್ತದೆ.

ಇದನ್ನು ನೋಡಿ ‘ಸರದಿ ಗೇಟ್’, ‘ಸರದಿ ಕೌಂಟರ್’ ಅನ್ನೋಣ ಅನಿಸಿತ್ತು. ಆದರೆ ಸರದಿ ಅಂದರೆ ಒಬ್ಬರಾದ ಮೇಲೆ ಒಬ್ಬರು, ಸಾಲಾಗಿ. ಇಲ್ಲಿ ಸಾಲು ಇಲ್ಲ. ಮೊದಲು ಇಳಿದ ವಿಮಾನ ಕಾಯುತ್ತಿದ್ದರೂ, ಆ ಗೇಟಿಗೆ ಹಿಡಿಸದಿದ್ದರೆ ಆಮೇಲೆ ಬಂದ ಚಿಕ್ಕದು ಒಳಗೆ ಹೋಗಬಹುದು. ಅಂತರರಾಷ್ಟ್ರೀಯ ನಿಯಮದಲ್ಲಿ ‘ಸಿ’ ವರ್ಗದ ವಿಮಾನದ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 36 ಮೀಟರಿಗಿಂತ ಕಡಿಮೆ, ‘ಇ’ ವರ್ಗದ್ದು 52ರಿಂದ 65ರೊಳಗೆ. ಕೆಲವು ಕಡೆ ಒಂದೇ ಜಾಗವನ್ನು ಒಂದು ದೊಡ್ಡ ವಿಮಾನ ಅಥವಾ ಎರಡು ಚಿಕ್ಕ ವಿಮಾನ ನಿಲ್ಲುವ ಹಾಗೆ ಗೆರೆ ಎಳೆದಿರುತ್ತಾರೆ. ದೊಡ್ಡದು ಬಂದು ನಿಂತರೆ ಅಕ್ಕಪಕ್ಕದ ಎರಡೂ ಗೆರೆ ಮುಚ್ಚಿದಂತೆ. ಇದಕ್ಕೆಲ್ಲ ಸರದಿ ಅನ್ನುವುದು ಹೊಂದುವುದಿಲ್ಲ.

ಕೊನೆಗೆ ನನಗೆ ಹಿಡಿಸಿದ್ದು ‘ಕೂಡುಬಳಕೆ’. ಕೂಡುಕುಟುಂಬದಲ್ಲಿ ಒಂದು ವಸ್ತು ಯಾರ ಹೆಸರಲ್ಲೂ ಇರದೆ ಎಲ್ಲರಿಗೂ ಸಿಗುವ ಹಾಗೆ, ಯಾರಿಗೆ ಯಾವಾಗ ಅನ್ನುವುದು ಮಾತ್ರ ಯಜಮಾನರ ಕೈಲಿ. ಕೂಡುಬಳಕೆ ಗೇಟ್, ಕೂಡುಬಳಕೆ ಕೌಂಟರ್. ಹೊಸಬರಿಗೆ ಸ್ವಲ್ಪ ಬಿಗಿ ಅನಿಸಬಹುದು, ಆದರೆ ತಪ್ಪು ಅರ್ಥ ಬರುವುದಿಲ್ಲ. ಒಪ್ಪುತ್ತೀರಾ?

ಪ್ರಿಫರೆನ್ಷಿಯಲ್‌ಗೆ ‘ಆದ್ಯತೆ ಗೇಟ್’ ಬೇಡ. ಜಾಸ್ತಿ ದುಡ್ಡು ಕೊಟ್ಟ ಪ್ರಯಾಣಿಕರನ್ನು ಮೊದಲು ಹತ್ತಿಸುವ ಬಾಗಿಲು ಅಂದುಕೊಳ್ಳುತ್ತಾರೆ. ‘ಮೊದಲ ಹಕ್ಕಿನ ಗೇಟ್’ ಪರವಾಗಿಲ್ಲ. ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ.

ಇನ್ನೊಂದು ಉಳಿದಿದೆ. ಗೇಟ್ ಅಂದರೆ ಪ್ರಯಾಣಿಕರ ಬಾಗಿಲು, ವಿಮಾನ ನಿಲ್ಲುವ ಜಾಗ ಬೇರೆ, ಅದು ‘ಬೇ’ ಅಥವಾ ‘ಸ್ಟ್ಯಾಂಡ್’. ಬಸ್ಸಿನಲ್ಲಿ ಕೂರಿಸಿ ದೂರದ ವಿಮಾನಕ್ಕೆ ಕರೆದೊಯ್ಯುವಾಗ ಗೇಟ್ ಒಂದು ಕಡೆ, ಬೇ ಇನ್ನೊಂದು ಕಡೆ. ‘ನಿಲ್ದಾಣ’ ಅನ್ನೋಣ ಅಂದರೆ ಇಡೀ ಊರಗಲದ ಜಾಗಕ್ಕೆ ಆ ಹೆಸರು ಕೊಟ್ಟು ಮುಗಿಸಿದ್ದೇವೆ. ‘ಬೇ’ ಹಾಗೇ ಇಟ್ಟುಕೊಂಡರೆ ವಿಭಕ್ತಿ ಕೈಕೊಡುತ್ತದೆ: ‘ವಿಮಾನವನ್ನು ಬೇಗೆ ತಂದರು’ ಅಂತ ಬರೆದರೆ ಬಿಸಿಲಿನ ಬೇಗೆಯೋ, ಬೇಗ ತಂದರೋ? ಏಪ್ರನ್‌ನಲ್ಲಿ, ಅಂದರೆ ವಿಮಾನಗಳು ನಿಲ್ಲುವ ಅಂಗಳದಲ್ಲಿ, ಕೆಲಸ ಮಾಡುವವರು ಇಲ್ಲಿ ಯಾರಾದರೂ ಇದ್ದರೆ, ನಿಮ್ಮ ನಿಮ್ಮಲ್ಲಿ ಕನ್ನಡದಲ್ಲಿ ಮಾತಾಡುವಾಗ ಇದಕ್ಕೆ ಏನನ್ನುತ್ತೀರಿ?