5 ಅಡಿ ಫಿಶ್ ಟ್ಯಾಂಕಿಗೆ ಸ್ಟ್ಯಾಂಡ್, ಸಂಪ್: ಮಾಡಿಸಿದವರು ಅನುಭವ ಹೇಳಿ

ಪ್ರಶ್ನೆ, ಮೈಸೂರಿನಿಂದ

ನಮಸ್ಕಾರ. ಮನೆಯ ಹಾಲ್‌ನಲ್ಲಿ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಇಟ್ಟು ಗೋಲ್ಡ್ ಫಿಶ್ ಸಾಕುವ ಆಸೆ. ನಮ್ಮದು ಮೊದಲನೇ ಮಹಡಿ. ಅಂಗಡಿಯ ರೆಡಿಮೇಡ್ ಸ್ಟ್ಯಾಂಡ್ ನೋಡಿದರೆ ಧೈರ್ಯ ಬರುತ್ತಿಲ್ಲ. ವೆಲ್ಡಿಂಗ್ ಶಾಪ್‌ನಲ್ಲಿ ಮಾಡಿಸೋಣ ಅಂದುಕೊಂಡಿದ್ದೇನೆ. ಕೆಳಗೆ ಸಂಪ್ ಕೂಡ ಬೇಕು. ಮನೆ ಮುಂದೆ ಇರುವ ನೀರಿನ ಸಂಪ್ ಅಲ್ಲ, ಟ್ಯಾಂಕಿನ ನೀರು ಇಳಿದು, ಸೋಸಿ, ಪಂಪಿನಿಂದ ಮತ್ತೆ ಮೇಲೆ ಹೋಗುವ ಗಾಜಿನ ತೊಟ್ಟಿ. ಮಾಡಿಸಿದವರು ಏನು ಸರಿ ಹೋಯಿತು, ಏನು ಕೆಟ್ಟಿತು ಅಂತ ಹೇಳಿದರೆ ಉಪಕಾರ.

ಬೆಂಗಳೂರಿನಿಂದ

ಸರ್, ನಮ್ಮದೂ ಇದೇ ಅಳತೆ. ಸ್ಟ್ಯಾಂಡ್ ಎರಡು ಸಲ ಮಾಡಿಸಬೇಕಾಯಿತು. ಯಾಕೆ ಅಂತ ಹೇಳುತ್ತೇನೆ.

ಮೊದಲು ಭಾರದ ಲೆಕ್ಕ ಹಾಕಿ. 5×2×2 ಅಂದರೆ 20 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ. ಮೇಲೆ ಸ್ವಲ್ಪ ಖಾಲಿ ಬಿಟ್ಟರೂ 530 ಲೀಟರ್ ನೀರು, ಅಂದರೆ 530 ಕಿಲೋ. 12 ಎಂಎಂ ಗಾಜಾದರೆ ಅದೇ 100 ಕಿಲೋ ದಾಟುತ್ತದೆ. ಮರಳು, ಕಲ್ಲು, ಸ್ಟ್ಯಾಂಡ್, ಸಂಪಿನ ನೀರು ಎಲ್ಲ ಸೇರಿ 900 ಕಿಲೋ ಹತ್ತಿರ. ಒಂದು ಸಣ್ಣ ಕಾರನ್ನು ಹಾಲ್‌ನಲ್ಲಿ ನಿಲ್ಲಿಸಿದ ಹಾಗೆ. ಮನೆಗಳ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಲೆಕ್ಕದಲ್ಲಿ ಕಟ್ಟುತ್ತಾರೆ. ನಿಮ್ಮ ಟ್ಯಾಂಕ್ ಕೂರುವ ಜಾಗ ಒಂದು ಚದರ ಮೀಟರ್ ಕೂಡ ಇಲ್ಲ. ಹಾಗಂತ ಹೆದರಬೇಡಿ, ಅಕ್ಕಪಕ್ಕದ ಸ್ಲ್ಯಾಬ್ ಕೂಡ ಭಾರ ಹಂಚಿಕೊಳ್ಳುತ್ತದೆ. ಆದರೆ ಹಾಲ್ ಮಧ್ಯೆ ಇಡಲೇಬೇಡಿ. ಕೆಳಗಿನ ಮನೆಯಲ್ಲಿ ಗೋಡೆಯೋ ಬೀಮೋ ಇರುವ ಕಡೆ, ಗೋಡೆಗೆ ಒರಗಿಸಿ ಇಡಿ. ಮನೆಯ ಪ್ಲ್ಯಾನ್ ತೆಗೆದುಕೊಂಡು ಹೋಗಿ ಒಬ್ಬ ಎಂಜಿನಿಯರ್‌ಗೆ ತೋರಿಸಿ. ಟ್ಯಾಂಕ್ ಆರ್ಡರ್ ಕೊಡುವ ಮೊದಲೇ ಈ ಕೆಲಸ ಆಗಲಿ.

ಸ್ಟ್ಯಾಂಡಿಗೆ 40×40 ಎಂಎಂ ಸ್ಕ್ವೇರ್ ಪೈಪ್, 2 ಎಂಎಂ ದಪ್ಪ, ಆರು ಕಾಲು. ಇಷ್ಟಿದ್ದರೆ ಕಬ್ಬಿಣದ ಶಕ್ತಿ ಬಗ್ಗೆ ಯೋಚನೆ ಬೇಡ. ಸ್ಟ್ಯಾಂಡ್ ಮುರಿದು ಟ್ಯಾಂಕ್ ಬೀಳುವುದು ತೀರಾ ಅಪರೂಪ. ಸ್ಟ್ಯಾಂಡ್ ಸೊಟ್ಟಗಿದ್ದು ಟ್ಯಾಂಕ್ ಒಡೆಯುವುದೇ ಜಾಸ್ತಿ. ನನಗೆ ಆಗಿದ್ದು ಅದೇ. ವೆಲ್ಡಿಂಗ್ ಕಾವಿಗೆ ಫ್ರೇಮ್ ತಿರುಚಿಕೊಂಡು ಒಂದು ಮೂಲೆ 4 ಎಂಎಂ ಮೇಲೆದ್ದಿತ್ತು. ಪ್ಲೈವುಡ್, ಥರ್ಮೋಕೋಲ್ ಹಾಕಿದರೆ ಸರಿಹೋಗುತ್ತದೆ ಅಂದರು, ನಂಬಿದೆ. ಥರ್ಮೋಕೋಲ್ ಮರಳಿನ ಕಾಳು, ಚಿಕ್ಕಪುಟ್ಟ ಉಬ್ಬು ನುಂಗುತ್ತದೆ ಅಷ್ಟೇ, ತಿರುಚಿದ ಫ್ರೇಮನ್ನು ನೇರ ಮಾಡುವುದಿಲ್ಲ. ಮರ ಬಾಗುತ್ತದೆ, ಗಾಜು ಬಾಗುವುದಿಲ್ಲ. ನಾಲ್ಕನೇ ತಿಂಗಳು ಬೆಳಗಿನ ಜಾವ ಅದೇ ಮೂಲೆಯಿಂದ ತಳದ ಗಾಜು ಸೀಳಿತು. ಎಂಟು ವರ್ಷ ಸಾಕಿದ ಮೀನುಗಳನ್ನು ಬಕೆಟ್ಟಿಗೆ ಹಾಕಿ, ಕೆಳಗಿನ ಮನೆಯವರ ಬಾಗಿಲು ತಟ್ಟಿದೆ. ಇವತ್ತಿಗೂ ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಎರಡನೇ ಸಲ ನಾನೇ ಶಾಪ್‌ನಲ್ಲಿ ಕೂತೆ. ಎಲ್ಲ ಮೂಲೆಗೂ ಮೊದಲು ಟ್ಯಾಕ್, ಅಂದರೆ ಚುಕ್ಕೆಯಷ್ಟು ವೆಲ್ಡ್ ಮಾತ್ರ ಹಾಕಿಸಿದೆ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಅಳತೆ ಒಂದೇ ಇದೆಯಾ ನೋಡಿದೆ. ಆಮೇಲೆ ಒಂದು ಕಡೆ ಸ್ವಲ್ಪ, ಎದುರು ಕಡೆ ಸ್ವಲ್ಪ ಅಂತ ಫುಲ್ ವೆಲ್ಡ್. ಇನ್ನೊಂದು ಮಾತು: ಮೇಲಿನ ಫ್ರೇಮ್ ಕಾಲುಗಳ ತಲೆ ಮೇಲೆ ಕೂರಬೇಕು. ಸಾಮಾನ್ಯವಾಗಿ ಕಾಲುಗಳ ಮಧ್ಯೆ ಅಡ್ಡಪೈಪ್ ಸೇರಿಸಿ ವೆಲ್ಡ್ ಮಾಡಿಬಿಡುತ್ತಾರೆ. ಆಗ ಪೂರ್ತಿ ಭಾರ ವೆಲ್ಡಿಗೇ ಜೋತು ಬೀಳುತ್ತದೆ. ಮೇಲ್ಭಾಗದ ವೆಲ್ಡ್ ಗಂಟುಗಳನ್ನು ಗ್ರೈಂಡ್ ಮಾಡಿಸಿ, ಎರಡು ಮೂಲೆಗೆ ದಾರ ಎಳೆದು ನೋಡಿ. ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ. ಕಾಲಿನ ಕೆಳಗೆ 4 ಇಂಚಿನ ಕಬ್ಬಿಣದ ಪ್ಲೇಟ್ ಇರಲಿ, ಇಲ್ಲದಿದ್ದರೆ ಟೈಲ್ಸ್ ಒಡೆಯುತ್ತದೆ. ಮಟ್ಟ ಸರಿಮಾಡಲು ಕಬ್ಬಿಣದ ತಗಡೇ ಇಡಿ, ರಟ್ಟು ಮಡಚಿ ಇಡಬೇಡಿ. ತುಕ್ಕು ತಡೆಯಲು ರೆಡ್ ಆಕ್ಸೈಡ್ ಎರಡು ಕೋಟ್, ಮೇಲೆ ಪೇಂಟ್. 18 ಎಂಎಂ ಮರೈನ್ ಪ್ಲೈ, ಅದರ ಮೇಲೆ ಥರ್ಮೋಕೋಲ್.

ನೀರು ಒಂದೇ ಸಲ ತುಂಬಬೇಡಿ. ಮೂರನೇ ಒಂದು ಭಾಗ ತುಂಬಿ ಮಟ್ಟ ನೋಡಿ, ಒಂದು ರಾತ್ರಿ ಬಿಟ್ಟು ಮುಂದಿನದು. ಆಗ ಕಲ್ಲು ಮೀನು ಏನೂ ಇರಬಾರದು, ಬರೀ ನೀರು.

ಶಿವಮೊಗ್ಗದಿಂದ

ಸ್ಟ್ಯಾಂಡ್ ಬಗ್ಗೆ ಮೇಲಿನ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸಂಪ್ ಬಗ್ಗೆ ಮಾತ್ರ ಬರೆಯುತ್ತೇನೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ದಿನನಿತ್ಯದ ಮಾತು. ಸಂಪಿಗೆ ಅದೇ ನಿಜವಾದ ಪರೀಕ್ಷೆ.

ಪಂಪ್ ನಿಂತ ಕೂಡಲೇ ಮೇಲಿನ ನೀರು ಕೆಳಗೆ ಬರುತ್ತದೆ. ನಿಮ್ಮ ಅಳತೆಯ ಟ್ಯಾಂಕಿನಲ್ಲಿ ಒಂದು ಇಂಚು ನೀರು ಅಂದರೆ ಸುಮಾರು 24 ಲೀಟರ್. ನನ್ನ ಟ್ಯಾಂಕಿನಲ್ಲಿ ನೀರು ವಾಪಸ್ ಹೋಗುವ ಪೈಪಿನ ತುದಿ 4 ಇಂಚು ಮುಳುಗಿತ್ತು. ಜುಲೈ ತಿಂಗಳ ಒಂದು ರಾತ್ರಿ ಕರೆಂಟ್ ಹೋಯಿತು. ಅದೇ ಪೈಪ್ ಉಲ್ಟಾ ಎಳೆಯಿತು, ತುದಿ ಗಾಳಿಗೆ ಸಿಗುವ ತನಕ. 90 ಲೀಟರ್ ಮೇಲೆ ಇಳಿಯಿತು. ಸಂಪಿನಲ್ಲಿ ಖಾಲಿ ಇದ್ದದ್ದು 30 ಚಿಲ್ಲರೆ. ಉಳಿದದ್ದೆಲ್ಲ ನೆಲದ ಮೇಲೆ.

ಆಮೇಲೆ ಪೈಪಿಗೆ ನೀರಿನ ಮಟ್ಟಕ್ಕಿಂತ ಒಂಚೂರು ಕೆಳಗೆ 4 ಎಂಎಂ ತೂತು ಕೊರೆದೆ. ಮಟ್ಟ ಅಲ್ಲಿಗೆ ಇಳಿದರೆ ಗಾಳಿ ಎಳೆದುಕೊಂಡು ನೀರು ನಿಲ್ಲುತ್ತದೆ. ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಕಡ್ಡಿ ಆಡಿಸಬೇಕು. ಇದರ ಬದಲು ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿ ಅನ್ನುತ್ತಾರೆ. ಕಸ ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ, ಅದನ್ನೇ ನೆಚ್ಚಬೇಡಿ.

ಈಗ ನನ್ನ ಸಂಪ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 16 ಇಂಚು ಎತ್ತರ. ಪೂರ್ತಿ ತುಂಬಿದರೆ 225 ಲೀಟರ್. ಅರ್ಧ ಮಾತ್ರ ತುಂಬಿ ಓಡಿಸುತ್ತೇನೆ. ಇದರ ಉಲ್ಟಾ ಅಪಾಯವೂ ಇದೆ. ಇಳಿಯುವ ಪೈಪಿಗೆ ಎಲೆಯೋ ಬಸವನಹುಳುವೋ ಸಿಕ್ಕಿಕೊಂಡರೆ ಪಂಪ್ ಮೇಲಕ್ಕೆ ತುಂಬುತ್ತಲೇ ಇರುತ್ತದೆ. ಅದಕ್ಕೇ ಸಂಪನ್ನು ಖಾನೆಗಳಾಗಿ ಮಾಡಿಸುವಾಗ ಪಂಪ್ ಕೂರುವ ಕೊನೆಯ ಖಾನೆ ಚಿಕ್ಕದಿರಬೇಕು. ನನ್ನದರಲ್ಲಿ 26 ಲೀಟರ್. ಅಷ್ಟೂ ಮೇಲೆ ಹೋದರೂ ಟ್ಯಾಂಕ್ ಒಂದು ಇಂಚು ಚಿಲ್ಲರೆ ಏರುತ್ತದೆ, ಎರಡು ಇಂಚು ಖಾಲಿ ಬಿಟ್ಟಿದ್ದೇನೆ. ಇಳಿಯುವ ಪೈಪ್ ಎರಡು ಇರಲಿ, ಒಂದು ಕಟ್ಟಿದರೆ ಇನ್ನೊಂದು. ಈ ಪೈಪುಗಳಿಗೆ ಅಂತ ತೂತು ಕೊರೆಯುವ ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಆಗಿದ್ದರೆ ಕೊರೆಯುವಾಗಲೇ ಪುಡಿಯಾಗುತ್ತದೆ, ಗಾಜು ಯಾವುದು ಅಂತ ಮೊದಲೇ ಕೇಳಿಕೊಳ್ಳಿ.

ಉಡುಪಿಯಿಂದ

ನಮ್ಮಲ್ಲಿ ಕಡಲ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ಕೆಂಪು ಕಲ್ಲಿನಲ್ಲಿ ಮೂರು ಗಿಡ್ಡ ಗೋಡೆ ಕಟ್ಟಿಸಿ ಮೇಲೆ ಗ್ರಾನೈಟ್ ಹಾಸಿದೆವು. ಮೇಸ್ತ್ರಿ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದರು, ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ಆದರೆ ಇದು ನೆಲಮಹಡಿಗೆ ಮಾತ್ರ. ಮಧ್ಯದ ಗೋಡೆ ಇರುವುದರಿಂದ ಉದ್ದದ ಸಂಪ್ ಹಿಡಿಸಲಿಲ್ಲ, ಎರಡು ಸಣ್ಣ ತೊಟ್ಟಿ ಮಾಡಿ ಪೈಪಿನಿಂದ ಸೇರಿಸಿದೆವು.

ಮೈಸೂರಿನಿಂದ, ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಅನುಮಾನ ಬಂತು. ಆರು ಕಾಲು ಅಂದರೆ ಮುಂದೆ ಮಧ್ಯದಲ್ಲೂ ಒಂದು ಕಾಲು ಬರುತ್ತದೆ ಅಲ್ವಾ? 4 ಅಡಿ ಸಂಪ್ ಒಳಗೆ ಹೋಗುವುದು ಹೇಗೆ?

ಬೆಂಗಳೂರಿನಿಂದ

ಒಳ್ಳೆ ಪ್ರಶ್ನೆ ಸರ್. ಮಧ್ಯದ ಕಾಲು ತೆಗೆಸಬೇಡಿ, ಮುಂದಿನ ಪೈಪ್ ಬಾಗುತ್ತದೆ. ಪಕ್ಕದಿಂದ ತಳ್ಳುವ ಹಾಗೆ ಮಾಡಿಸಿ. 2 ಅಡಿ ಅಗಲದಲ್ಲಿ ಎರಡು ಕಾಲಿನ ದಪ್ಪ ಕಳೆದರೆ 20 ಇಂಚು ಮೇಲೆ ಸಿಗುತ್ತದೆ, ಒಂದೂವರೆ ಅಡಿ ಸಂಪ್ ಆರಾಮಾಗಿ ಹೋಗುತ್ತದೆ. ಆ ಪಕ್ಕದಲ್ಲಿ ನಡುವೆ ಅಡ್ಡಪೈಪ್ ಬೇಡ, ಗೋಡೆಯೂ ಇರಬಾರದು. ಗೋಡೆ ಇದ್ದರೆ ಮುಂದಿನ ಮಧ್ಯದ ಕಾಲನ್ನು ಬೋಲ್ಟ್ ಹಾಕಿ ಬಿಚ್ಚುವ ಹಾಗೆ ಮಾಡಿಸಿ, ಟ್ಯಾಂಕ್ ಖಾಲಿ ಇರುವಾಗಲೇ ಸಂಪ್ ಒಳಗಿಟ್ಟು ಮತ್ತೆ ಬಿಗಿಯಿರಿ. ಸಂಪಿನ ಮೇಲೆ ಕೈ ಆಡುವಷ್ಟು, ಒಂದು ಅಡಿಯಾದರೂ, ಜಾಗ ಬಿಡಿ. ಪಂಪಿನ ವೈರ್ ನೇರವಾಗಿ ಪ್ಲಗ್‌ಗೆ ಹೋಗಬಾರದು, ಪ್ಲಗ್‌ಗಿಂತ ಕೆಳಗೆ ಒಂದು ಸಲ ಜೋತು ಬಿದ್ದು ಮೇಲೆ ಹೋಗಲಿ. ಆಗ ವೈರ್ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ಒಳಗೆ ಹೋಗುವುದಿಲ್ಲ.