ಮನೆಯ ವೈಫೈ ಪಟ್ಟಿಯಲ್ಲಿ ಗುರುತಿಲ್ಲದ ನಾಲ್ಕು ಸಾಧನಗಳು: ಯಾವುದು ಯಾರದೆಂದು ತಿಳಿಯುವುದು ಹೇಗೆ?

ಗೂಡುಮನೆ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿಡ್ಲಘಟ್ಟದಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುವ ಮನೆಗಳ ಸಾಲಿನಲ್ಲಿದೆ. ಕೆಳಗೆ ರೇಷ್ಮೆ ನೂಲು ಬಿಚ್ಚುವ ಘಟಕ, ಮೇಲೆ ನಮ್ಮ ವಾಸ. ಗೂಡು ಖರೀದಿಯ ಹಣ ಪಾವತಿಯಿಂದ ಹಿಡಿದು ಮಗಳ ಪಾಠದವರೆಗೆ ಎಲ್ಲವೂ ಮನೆಯ ಫೈಬರ್ ಸಂಪರ್ಕದ ಮೇಲೆಯೇ ನಡೆಯುತ್ತಿರುವುದರಿಂದ ಅದರಲ್ಲಿ ಯಾರಿದ್ದಾರೆ ಎಂಬುದು ನನಗೆ ಸಣ್ಣ ವಿಷಯವಾಗಿ ಉಳಿದಿಲ್ಲ.

ಕಳೆದ ವಾರ ರಾತ್ರಿಯ ಹೊತ್ತು ವೇಗ ತೀರಾ ಕುಗ್ಗಿದಾಗ ಬ್ರೌಸರಿನಲ್ಲಿ 192.168.1.1 ಎಂದು ಕೊಟ್ಟು ರೌಟರಿನ ಪುಟ ತೆರೆದು ನೋಡಿದೆ. ನಮ್ಮ ಮನೆಯಲ್ಲಿ ವೈಫೈ ಬಳಸುವವು, ನನಗೆ ತಿಳಿದಂತೆ, ಏಳು: ನಾನು, ನನ್ನ ಹೆಂಡತಿ, ತಾಯಿ ಮತ್ತು ಮಗಳ ನಾಲ್ಕು ಫೋನುಗಳು, ಟಿವಿ, ಪ್ರಿಂಟರ್ ಹಾಗೂ ಮಗಳ ಲ್ಯಾಪ್‌ಟಾಪ್. ಪಟ್ಟಿಯಲ್ಲಿ ಇದ್ದದ್ದು ಹತ್ತು. ಫಿಂಗ್ ಎಂಬ ಆ್ಯಪ್ ಹಾಕಿ ನೋಡಿದಾಗ ಆರಕ್ಕೆ ಗುರುತು ಸಿಕ್ಕಿತು. ಉಳಿದ ನಾಲ್ಕರಲ್ಲಿ ಒಂದಕ್ಕೆ ‘ಎಸ್ಪ್ರೆಸ್ಸಿಫ್’ ಎಂದೂ ಇನ್ನೊಂದಕ್ಕೆ ‘ಹಾನ್ ಹೈ’ ಎಂದೂ ಹೆಸರಿದೆ. ಮಿಕ್ಕ ಎರಡಕ್ಕೆ ಹೆಸರೇ ಇಲ್ಲ. ಈ ಎರಡು ಕಂಪನಿಗಳ ಯಾವ ವಸ್ತುವನ್ನೂ ನಾವು ಕೊಂಡಿಲ್ಲ.

ಸಂಪರ್ಕ ಕೊಡಲು ಬಂದ ಹುಡುಗ ನನ್ನ ಮೊಬೈಲ್ ಸಂಖ್ಯೆಯನ್ನೇ ವೈಫೈ ಪಾಸ್‌ವರ್ಡ್ ಮಾಡಿ ಹೋಗಿದ್ದಾನೆ. ಅದೇ ಸಂಖ್ಯೆ ನಮ್ಮ ಘಟಕದ ಬೋರ್ಡಿನ ಮೇಲೂ ಬರೆದಿದೆ ಎಂಬುದು ನನಗೆ ಹೊಳೆದದ್ದು ಈಗ. ಅಕ್ಕಪಕ್ಕದವರನ್ನು ಕೇಳಿ ಮನಸ್ತಾಪ ಮಾಡಿಕೊಳ್ಳುವ ಮೊದಲು ಈ ನಾಲ್ಕೂ ಏನೆಂದು ಖಚಿತಪಡಿಸಿಕೊಳ್ಳುವ ದಾರಿಯಿದ್ದರೆ ದಯವಿಟ್ಟು ತಿಳಿಸಿ.

ತಂತಿಗಾರ, ಚಿಂತಾಮಣಿ

ಅಕ್ಕಪಕ್ಕದವರನ್ನು ಕೇಳುವ ಮೊದಲು ಇಲ್ಲಿ ಕೇಳಿದ್ದು ಒಳ್ಳೆಯದಾಯಿತು ಸರ್. ನಾನು ಕಾಲೇಜೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು; ಗುರುತಿಲ್ಲದ ಸಾಧನವೆಂದು ಗಾಬರಿಯಾಗಿ ಬಂದವರ ಹತ್ತು ದೂರುಗಳಲ್ಲಿ ಹೆಚ್ಚಿನವು ಅವರವರ ವಸ್ತುವಿನಲ್ಲೇ ಮುಗಿಯುವುದನ್ನು ಕಂಡಿದ್ದೇನೆ.

ಮೊದಲಿಗೆ ಆ ಹೆಸರುಗಳ ವಿಷಯ. ಪ್ರತಿಯೊಂದು ವೈಫೈ ಸಾಧನಕ್ಕೂ 12 ಅಂಕಿ-ಅಕ್ಷರಗಳ ಮ್ಯಾಕ್ ವಿಳಾಸ ಇರುತ್ತದೆ. ಅದರ ಮೊದಲ ಆರು ಸ್ಥಾನಗಳನ್ನು ಐಇಇಇ ಎಂಬ ಸಂಸ್ಥೆ ಆಯಾ ತಯಾರಕರಿಗೆ ಹಂಚಿಕೊಟ್ಟಿರುತ್ತದೆ, ಆ್ಯಪ್ ಅದನ್ನು ನೋಡಿಯೇ ಹೆಸರು ಹೇಳುತ್ತದೆ. ಆದರೆ ಅದು ವೈಫೈ ಚಿಪ್ಪನ್ನೋ ಕಾರ್ಡನ್ನೋ ತಯಾರಿಸಿದವರ ಹೆಸರೇ ಹೊರತು ನೀವು ಅಂಗಡಿಯಲ್ಲಿ ಕೊಂಡ ಬ್ರ್ಯಾಂಡಿನ ಹೆಸರು ಆಗಿರಬೇಕೆಂದಿಲ್ಲ. ಹಾನ್ ಹೈ ಎಂದರೆ ಫಾಕ್ಸ್‌ಕಾನ್ ಎಂದು ನಾವೆಲ್ಲ ಕೇಳಿರುವ ತೈವಾನಿನ ಕಂಪನಿಯೇ. ಬೇರೆ ಬೇರೆ ಬ್ರ್ಯಾಂಡುಗಳ ಲ್ಯಾಪ್‌ಟಾಪುಗಳ ಒಳಗೆ ಅದರ ವೈಫೈ ಕಾರ್ಡು ಇರುತ್ತದೆ. ನಿಮ್ಮ ಏಳರಲ್ಲಿ ಗುರುತು ಸಿಕ್ಕದ್ದು ಆರಕ್ಕೆ ಮಾತ್ರ ಎಂದಿದ್ದೀರಿ. ಗುರುತು ಸಿಗದ ಏಳನೆಯದು ಮಗಳ ಲ್ಯಾಪ್‌ಟಾಪೇ ಆಗಿದ್ದರೆ ಒಂದು ಒಗಟು ಆಗಲೇ ಬಿಡಿಸಿದಂತೆ. ಎಸ್ಪ್ರೆಸ್ಸಿಫ್ ಶಾಂಘೈನ ಚಿಪ್ ಕಂಪನಿ. ಅದರ ಚಿಪ್ಪುಗಳು ವೈಫೈ ಬಲ್ಬು, ಪ್ಲಗ್ಗು, ಸ್ವಿಚ್ಚು, ಸೋಲಾರ್ ಉಪಕರಣ ಇಂಥವುಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಅದು ಯಾರದೋ ಫೋನಂತೂ ಅಲ್ಲ, ಗೋಡೆಗೋ ಛಾವಣಿಗೋ ಅಂಟಿಕೊಂಡಿರುವ ಯಾವುದೋ ವಸ್ತು ಇರಬೇಕು.

ಹೆಸರಿಲ್ಲದ ಎರಡರ ಮ್ಯಾಕ್ ವಿಳಾಸದ ಎರಡನೆಯ ಅಕ್ಷರವನ್ನು ನೋಡಿ. ಅದು 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಆ ವಿಳಾಸ ಕಾರ್ಖಾನೆಯಲ್ಲಿ ಬರೆದದ್ದಲ್ಲ, ಸಾಧನವೇ ತಾನಾಗಿ ಹುಟ್ಟಿಸಿಕೊಂಡದ್ದು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದೀಚೆಗೆ ಫೋನುಗಳು ಬಳಕೆದಾರರ ಜಾಡು ಯಾರಿಗೂ ಸಿಗದಿರಲೆಂದು ಒಂದೊಂದು ವೈಫೈಗೂ ಒಂದೊಂದು ಕೃತಕ ವಿಳಾಸ ಕೊಡುತ್ತವೆ. ಅಂಥ ವಿಳಾಸಕ್ಕೆ ತಯಾರಕರ ಹೆಸರು ಎಲ್ಲಿಯೂ ಸಿಗದು, ಹುಡುಕಿ ಹೊತ್ತು ಕಳೆಯಬೇಡಿ. ಅದರ ಬದಲು ಮನೆಯ ನಾಲ್ಕೂ ಫೋನುಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು, ಸೆಟ್ಟಿಂಗಿನಲ್ಲಿ ನಿಮ್ಮ ವೈಫೈ ಹೆಸರಿನ ಮೇಲೆ ಒತ್ತಿ, ಅಲ್ಲಿ ಕಾಣುವ ಮ್ಯಾಕ್ ವಿಳಾಸವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಫೋನಿನ ಸ್ವಂತ ವಿಳಾಸ, ಕೃತಕ ವಿಳಾಸ ಎಂಬ ಎರಡು ಆಯ್ಕೆಗಳ ನಡುವೆ ಯಾರಾದರೂ ಬದಲಾಯಿಸಿದ್ದರೆ ಒಂದೇ ಫೋನು ಪಟ್ಟಿಯಲ್ಲಿ ಎರಡು ಸಾಧನವಾಗಿ ಕಾಣಿಸುತ್ತದೆ.

ಪಟ್ಟಿಯನ್ನೂ ಪೂರ್ತಿ ನಂಬಬಾರದು. ರೌಟರು ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸವನ್ನು ನಿಗದಿತ ಅವಧಿಗೆ, ಅನೇಕ ಕಡೆ 24 ಗಂಟೆಗೆ, ಕೊಟ್ಟಿರುತ್ತದೆ. ಹೀಗೆ ಕೊಟ್ಟ ವಿಳಾಸಗಳ ಪಟ್ಟಿಯಲ್ಲಿ (ರೌಟರಿನ ಪುಟದಲ್ಲಿ ಅದರ ಹೆಸರು ಡಿಎಚ್‌ಸಿಪಿ) ಆ ಅವಧಿ ಮುಗಿಯುವವರೆಗೂ ಎದ್ದು ಹೋದವರ ಹೆಸರು ಉಳಿದೇ ಇರುತ್ತದೆ. ವೈಫೈ ವಿಭಾಗದ ಒಳಗಿರುವ, ಈ ಕ್ಷಣ ಅಂಟಿಕೊಂಡಿರುವ ಸಾಧನಗಳ ಪಟ್ಟಿಯನ್ನೇ ನೋಡಿ.

ಇಷ್ಟಾದ ಮೇಲೂ ಉಳಿಯುವುದನ್ನು ಹಿಡಿಯಲು ನಾನು ನೆಚ್ಚುವುದು ಹೆಸರನ್ನಲ್ಲ, ಹೊತ್ತನ್ನು. ಎರಡು ದಿನ, ಬೆಳಗಿನ ಜಾವ, ಮಧ್ಯಾಹ್ನ, ಸಂಜೆ, ರಾತ್ರಿ ಮಲಗುವ ಮುನ್ನ ಪಟ್ಟಿಯನ್ನು ತೆರೆದು, ಯಾವ ವಿಳಾಸ ಯಾವಾಗ ಇತ್ತು, ಯಾವಾಗ ಇರಲಿಲ್ಲ ಎಂದು ಗುರುತು ಹಾಕಿ. ದಿನದ 24 ಗಂಟೆಯೂ ಅಲುಗಾಡದೆ ಇರುವುದು ಮನೆಯ ವಸ್ತು. ಕರೆಂಟು ಹೋಗಿ ಬಂದಾಗಲೆಲ್ಲ ಇಳಿದು ಹತ್ತುವುದು ಪ್ಲಗ್ಗಿನಲ್ಲಿರುವ ವಸ್ತು. ಯಾರೋ ಒಬ್ಬರು ಮನೆಗೆ ಬಂದಾಗ ಬಂದು, ಹೋದಾಗ ಹೋಗುವುದು ಮನುಷ್ಯರ ಜೇಬಿನ ಫೋನು. ಇದಕ್ಕಿಂತ ನೇರವಾದ ದಾರಿಯೂ ಇದೆ: ಸಂಶಯದ ವಿಳಾಸವನ್ನು ರೌಟರಿನಲ್ಲಿ ತಡೆಹಿಡಿದು, ಮನೆಯಲ್ಲಿ ಯಾವುದು ಕೆಲಸ ನಿಲ್ಲಿಸುತ್ತದೆ ಎಂದು ಕಾಯುವುದು.

ಬಂಡೆಬೆಟ್ಟ, ಮುಳಬಾಗಿಲು

ತಂತಿಗಾರರು ಹೇಳಿದ್ದೆಲ್ಲ ಸರಿ, ಆದರೆ ಇಷ್ಟು ಶ್ರಮ ಏಕೆ? ಪಾಸ್‌ವರ್ಡ್ ಬದಲಾಯಿಸಿದರೆ ಪಟ್ಟಿಯಲ್ಲಿರುವ ಹತ್ತೂ ಒಮ್ಮೆಗೇ ಕಳಚಿ ಬೀಳುತ್ತವೆ. ನಮ್ಮವಕ್ಕೆ ಮಾತ್ರ ಹೊಸದನ್ನು ಕೊಡುವುದು, ಉಳಿದವು ಯಾರವಾದರೂ ನಮಗೇನು? ನಾನು ವರ್ಷಕ್ಕೊಮ್ಮೆ ಹಾಗೆ ಮಾಡುತ್ತೇನೆ, ಇದುವರೆಗೆ ತೊಂದರೆಯಾಗಿಲ್ಲ.

ತಂತಿಗಾರ, ಚಿಂತಾಮಣಿ

ಬಂಡೆಬೆಟ್ಟದವರೇ, ಕೊನೆಗೆ ಪಾಸ್‌ವರ್ಡ್ ಬದಲಿಸಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಬೋರ್ಡಿನ ಮೇಲೆ ಬರೆದಿರುವ ಸಂಖ್ಯೆಯೇ ಪಾಸ್‌ವರ್ಡ್ ಆಗಿರುವಾಗ ಅದು ಇಂದೇ ಆಗಬೇಕಾದ ಕೆಲಸ. ಆದರೆ ಅನುಕ್ರಮ ತಪ್ಪಿದರೆ ಬದಲಿಸಿಯೂ ಪ್ರಯೋಜನವಿಲ್ಲ ಎಂಬುದನ್ನು ಗೂಡುಮನೆಯವರು ಗಮನಿಸಬೇಕು.

ವೈಫೈ ಪಾಸ್‌ವರ್ಡ್ ಬೇರೆ, ರೌಟರಿನ ಪುಟ ತೆರೆಯುವ ಪಾಸ್‌ವರ್ಡ್ ಬೇರೆ. ಎರಡನೆಯದನ್ನು ಬಹಳ ಮನೆಗಳಲ್ಲಿ ಕಾರ್ಖಾನೆಯಿಂದ ಬಂದಂತೆ ‘ಅಡ್ಮಿನ್’ ಎಂದೇ ಬಿಟ್ಟಿರುತ್ತಾರೆ. ಹೊರಗಿನವರು ಯಾರಾದರೂ ಈಗಾಗಲೇ ಒಳಗಿದ್ದರೆ, ನೀವು ಹೊಸ ವೈಫೈ ಪಾಸ್‌ವರ್ಡ್ ಇಟ್ಟ ಮೇಲೂ ಒಂದು ತಂತಿಯ ಮೂಲಕವೋ ಮನೆಯ ಇನ್ನೊಂದು ಫೋನಿನಿಂದಲೋ ಆ ಪುಟಕ್ಕೆ ಹೋಗಿ ಅದನ್ನು ಓದಿಕೊಳ್ಳಬಹುದು. ಆದ್ದರಿಂದ ಮೊದಲು ಪುಟದ ಪಾಸ್‌ವರ್ಡ್, ಆಮೇಲೆ ವೈಫೈಯದು.

ಇವೆರಡರ ನಡುವೆ ಡಬ್ಲ್ಯೂಪಿಎಸ್ ಎಂಬುದನ್ನು, ಅಂದರೆ ಪಾಸ್‌ವರ್ಡ್ ಬದಲು ಪಿನ್ ಕೊಟ್ಟು ವೈಫೈ ಸೇರುವ ಸೌಲಭ್ಯವನ್ನು, ಆಫ್ ಮಾಡಿಬಿಡಿ. ಅದರ ಪಿನ್‌ನಲ್ಲಿ ಎಂಟು ಅಂಕಿಗಳಿದ್ದರೂ ಕೊನೆಯದು ಉಳಿದ ಏಳರಿಂದ ಲೆಕ್ಕ ಹಾಕಿ ಬಂದದ್ದು. ಅದರ ಮೇಲೆ ರೌಟರು ಮೊದಲ ನಾಲ್ಕನ್ನು ಒಮ್ಮೆ, ಮಿಕ್ಕವನ್ನು ಇನ್ನೊಮ್ಮೆ, ಬೇರೆ ಬೇರೆಯಾಗಿ ಪರೀಕ್ಷಿಸುತ್ತದೆ. ಹೀಗಾಗಿ ಕೋಟಿಗಟ್ಟಲೆ ಆಗಬೇಕಿದ್ದ ಊಹೆಗಳು 10,000 ಮತ್ತು 1,000 ಸೇರಿ 11,000ಕ್ಕೆ ಇಳಿಯುತ್ತವೆ. ಈ ದೋಷ 2011ರಲ್ಲೇ ಬಯಲಾಗಿದೆ. ಅದನ್ನು ತೆರೆದಿಟ್ಟರೆ ಎಷ್ಟು ಗಟ್ಟಿ ಪಾಸ್‌ವರ್ಡ್ ಇಟ್ಟರೂ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕದೆ ಮಲಗಿದಂತೆ.

ಇನ್ನು ಗುರುತಿಸದೆ ಕಿತ್ತುಹಾಕುವುದರ ಬಗ್ಗೆ. ಆ ಎಸ್ಪ್ರೆಸ್ಸಿಫ್ ನಿಮ್ಮದೇ ವಸ್ತುವಾಗಿದ್ದರೆ ಪಾಸ್‌ವರ್ಡ್ ಬದಲಾದ ದಿನದಿಂದ ಅದು ಸದ್ದಿಲ್ಲದೆ ಕೆಲಸ ನಿಲ್ಲಿಸುತ್ತದೆ, ಏನು ನಿಂತಿತೆಂದು ತಿಳಿಯಲು ತಿಂಗಳಾಗಬಹುದು. ಹಣ ಪಾವತಿಯ ವಿಷಯದಲ್ಲಿ ಅತಿಯಾಗಿ ಹೆದರಬೇಡಿ ಸರ್. ಬ್ಯಾಂಕಿನ ಆ್ಯಪ್ ಕಳುಹಿಸುವ ಮಾಹಿತಿ ಗೂಢಲಿಪಿಯಲ್ಲಿ ಹೋಗುವುದರಿಂದ ಅದೇ ವೈಫೈಯಲ್ಲಿ ಕುಳಿತವರಿಗೂ ಓದಲಾಗದು. ನಿಜವಾದ ಅಪಾಯ ಎರಡು ಕಡೆ ಇದೆ. ಪಾಸ್‌ವರ್ಡ್ ಇಲ್ಲದ ಸಿಸಿಟಿವಿ, ಹಂಚಿಕೊಂಡಿರುವ ಫೋಲ್ಡರುಗಳಂಥವು ಒಳಗಿನವರಿಗೆ ತೆರೆದಿರುತ್ತವೆ. ಜೊತೆಗೆ, ಆ ಸಂಪರ್ಕದ ಮೂಲಕ ಯಾರು ಏನೇ ಮಾಡಿದರೂ ಅದರ ಜಾಡು ಹಿಡಿದು ಬರುವವರು ಮೊದಲು ಬರುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ.

ತೆಂಗಿನತೋಟ, ತುಮಕೂರು

ಗೂಡುಮನೆಯವರ ಮಹಡಿಯ ಮೇಲೆ ಸೋಲಾರ್ ಇದೆಯೇ? ನಮ್ಮಲ್ಲಿಯೂ ಇದೇ ಎಸ್ಪ್ರೆಸ್ಸಿಫ್ ಹೆಸರು ಕಂಡು ಮೂರು ದಿನ ತಲೆ ಕೆಡಿಸಿಕೊಂಡಿದ್ದೆ. ಇನ್ವರ್ಟರಿನ ತಳದಲ್ಲಿ ಬೆರಳುದ್ದದ ಒಂದು ಕಡ್ಡಿ ಸಿಕ್ಕಿಸಿರುತ್ತಾರೆ, ದಿನದ ಉತ್ಪಾದನೆಯ ಲೆಕ್ಕವನ್ನು ವೈಫೈ ಮೂಲಕ ಕಳುಹಿಸುವುದು ಅದರ ಕೆಲಸ. ನಮ್ಮ ಇನ್ವರ್ಟರಿಗೆ ಬ್ಯಾಟರಿ ಇಲ್ಲ. ಫಲಕಗಳಿಂದಲೇ ಜೀವ ಪಡೆಯುವುದರಿಂದ ಬಿಸಿಲು ಇಳಿದ ಮೇಲೆ ಅದು ಮಲಗುತ್ತದೆ, ಅದರೊಂದಿಗೆ ಕಡ್ಡಿಯೂ ಪಟ್ಟಿಯಿಂದ ಮಾಯವಾಗುತ್ತದೆ. ಹೊತ್ತಿನ ಪಟ್ಟಿ ಬರೆಯದೇ ಇದ್ದಿದ್ದರೆ ನನಗೆ ಇದು ಹೊಳೆಯುತ್ತಿರಲಿಲ್ಲ.

ಪಾಸ್‌ವರ್ಡ್ ಬದಲಿಸಿದ ಮೇಲೆ ಆ ಕಡ್ಡಿಗೆ ಹೊಸದನ್ನು ಕೈಯಾರೆ ಕೊಡಬೇಕಾಗುತ್ತದೆ. ನಮ್ಮದು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತದೆ, 5 ಗಿಗಾಹರ್ಟ್ಸ್ ಅದಕ್ಕೆ ಕಾಣುವುದೇ ಇಲ್ಲ. ವೈಫೈ ಭದ್ರತೆಯನ್ನು ಹೊಸ ಬಗೆಯಾದ ಡಬ್ಲ್ಯೂಪಿಎ3 ಮಾತ್ರ ಎಂದು ಇಟ್ಟಾಗಲೂ ಅದು ಸೇರಲಿಲ್ಲ. ಹಿಂದಿನ ಬಗೆಯಾದ ಡಬ್ಲ್ಯೂಪಿಎ2 ಕೂಡ ಇರುವ ಆಯ್ಕೆಗೆ ಬದಲಿಸಿದ ಮೇಲೆ ಸರಿಹೋಯಿತು.

ಗೂಡುಮನೆ, ಶಿಡ್ಲಘಟ್ಟ

ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ದಿನ ಗೂಡಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿಯೇ ಹೊತ್ತಿನ ಪಟ್ಟಿ ಬರೆದೆ. ಅದರ ಫಲವನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

ಹಾನ್ ಹೈ ನಿಸ್ಸಂದೇಹವಾಗಿ ಮಗಳ ಲ್ಯಾಪ್‌ಟಾಪ್. ಮುಚ್ಚಳ ಮುಚ್ಚಿದೊಡನೆ ಪಟ್ಟಿಯಿಂದ ಇಳಿಯಿತು. ತೆಂಗಿನತೋಟದವರ ಊಹೆ ಅಕ್ಷರಶಃ ನಿಜವಾಯಿತು. ಎಸ್ಪ್ರೆಸ್ಸಿಫ್ ಸಂಜೆ ಆರೂವರೆಯ ನಂತರ ಎರಡು ದಿನವೂ ಇರಲಿಲ್ಲ. ಮಹಡಿ ಹತ್ತಿ ನೋಡಿದರೆ ಇನ್ವರ್ಟರಿನ ಕೆಳಗೆ ಧೂಳು ಹಿಡಿದ ಕಡ್ಡಿ, ಅದರ ಮೇಲಿನ ಚೀಟಿಯಲ್ಲಿ ಪಟ್ಟಿಯಲ್ಲಿದ್ದ ಅದೇ ಮ್ಯಾಕ್ ವಿಳಾಸ. ಸೋಲಾರ್ ಹಾಕಿದವರು ಪಾಸ್‌ವರ್ಡ್ ಕೇಳಿ ಪಡೆದದ್ದು ಆಗ ನೆನಪಿಗೆ ಬಂತು. ಹೆಸರಿಲ್ಲದ ಎರಡರಲ್ಲಿ ಒಂದು ನನ್ನ ಹೆಂಡತಿಯ ಫೋನಿನದೇ ಇನ್ನೊಂದು ವಿಳಾಸ. ಮಗಳು ಏನೋ ಸರಿಪಡಿಸಲು ಹೋಗಿ ಆ ಆಯ್ಕೆಯನ್ನು ಬದಲಿಸಿದ್ದಳಂತೆ.

ನಾಲ್ಕನೆಯದು ಮಾತ್ರ ರಾತ್ರಿ ಎಂಟೂವರೆಯಿಂದ ಹನ್ನೊಂದರವರೆಗೆ ತಪ್ಪದೆ ಇತ್ತು. ಅದರ ವಿಳಾಸದ ಎರಡನೆಯ ಅಕ್ಷರ ಎ. ನಮ್ಮ ನಾಲ್ಕೂ ಫೋನುಗಳಿಗೆ ಅದು ಹೊಂದಲಿಲ್ಲ. ಊಟದ ಹೊತ್ತಿನಲ್ಲಿ ಈ ವಿಷಯವನ್ನು ಎತ್ತಿದಾಗ ನನ್ನ ತಾಯಿ, ‘ಪಕ್ಕದ್ಮನೆ ಹುಡ್ಗ ಪರೀಕ್ಷೆಗೆ ಓದ್ಕಣಾಕೆ ಬೇಕಂದ, ನಾನೇ ಕೊಟ್ಟೆ ಕಣಪ್ಪ’ ಎಂದರು. ಅವರು ಪಾಸ್‌ವರ್ಡ್ ಹೇಳಿರಲಿಲ್ಲ. ತಮ್ಮ ಫೋನನ್ನು ಅವನ ಕೈಗೆ ಕೊಟ್ಟಿದ್ದರು, ಅವನು ಅದರಲ್ಲಿ ಕ್ಯೂಆರ್ ಚಿತ್ರ ತೆರೆದು ತನ್ನ ಫೋನಿನಿಂದ ಸ್ಕ್ಯಾನ್ ಮಾಡಿಕೊಂಡಿದ್ದ. ಅದೇ ಹುಡುಗನ ತಂದೆಯನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಬೇಕೆಂದು ನಾನು ಕಳೆದ ವಾರ ಯೋಚಿಸಿದ್ದೆ.

ತಂತಿಗಾರರು ಹೇಳಿದ ಅನುಕ್ರಮದಲ್ಲೇ ಪುಟದ ಪಾಸ್‌ವರ್ಡ್, ಡಬ್ಲ್ಯೂಪಿಎಸ್, ವೈಫೈ ಪಾಸ್‌ವರ್ಡ್ ಮೂರನ್ನೂ ಭಾನುವಾರ ಬದಲಿಸಿದೆ. ರೌಟರಿನಲ್ಲಿ ಗೆಸ್ಟ್ ವೈಫೈ ಎಂಬ ಪ್ರತ್ಯೇಕ ಸೌಲಭ್ಯವಿತ್ತು. ಅದಕ್ಕೆ ಬೇರೆ ಪಾಸ್‌ವರ್ಡ್ ಇಟ್ಟು, ಪರೀಕ್ಷೆ ಮುಗಿಯುವವರೆಗೆ ಆ ಹುಡುಗನಿಗೆ ಅದನ್ನು ಕೊಟ್ಟಿದ್ದೇನೆ. ಅದರಲ್ಲಿ ಇರುವವರಿಗೆ ನಮ್ಮ ಪ್ರಿಂಟರಾಗಲಿ ಲ್ಯಾಪ್‌ಟಾಪಾಗಲಿ ಕಾಣುವುದಿಲ್ಲ ಎಂಬುದನ್ನು ಅವನ ಫೋನಿನಲ್ಲೇ ಫಿಂಗ್ ಹಾಕಿಸಿ ಪರೀಕ್ಷಿಸಿದೆವು. ಅವನೂ ಆಸಕ್ತಿಯಿಂದ ಕುಳಿತು ನೋಡಿದ.

ಸೋಲಾರ್ ಕಡ್ಡಿಗೆ ಹೊಸ ಪಾಸ್‌ವರ್ಡ್ ಕೊಡುವಷ್ಟರಲ್ಲಿ ಕತ್ತಲಾಗಿತ್ತು, ಅದು ಸೇರಿತೋ ಇಲ್ಲವೋ ತಿಳಿಯಲಿಲ್ಲ. ಇಂದು ಬೆಳಿಗ್ಗೆ 6.40ಕ್ಕೆ ಪಟ್ಟಿ ತೆರೆದಾಗ ಎಸ್ಪ್ರೆಸ್ಸಿಫ್ ಮರಳಿ ಬಂದಿತ್ತು. ಅದರ ಹೆಸರನ್ನು ‘ಮಹಡಿ ಸೋಲಾರ್’ ಎಂದು ಬದಲಿಸಿ ಉಳಿಸಿದ್ದೇನೆ.